‘ಅಂತೆ’ಯ ಮೇಲೆ ಸವಾರಿ

ನಮ್ಮ ಕನ್ನಡದಲ್ಲಿ ಒಂದು ಪುಟ್ಟ ಪದವಿದೆ. ಅದನ್ನು ಯಾವ ಮಾತಿನ ತುದಿಗೂ ಅಂಟಿಸಬಹುದು. ಬಂದಿದೆಯಂತೆ, ಬಿದ್ದಿದೆಯಂತೆ, ಮುಚ್ಚುತ್ತಾರಂತೆ, ಓಡಿಸುತ್ತಾರಂತೆ. ಈ ‘ಅಂತೆ’ ಸೇರಿದೊಡನೆ ಮಾತಿನ ಹೊಣೆ ನಮ್ಮ ಹೆಗಲಿನಿಂದ ಇಳಿದು ಬೇರೆ ಯಾರದೋ ಹೆಗಲೇರಿತೆಂದು ನಾವು ನೆಮ್ಮದಿಪಟ್ಟುಕೊಳ್ಳುತ್ತೇವೆ. ನಾಳೆ ಅದು ಸುಳ್ಳಾದರೆ ‘ನಾನೆಲ್ಲಿ ಹೇಳಿದೆ, ಜನ ಹೇಳಿದ್ದನ್ನು ಹೇಳಿದೆ’ ಎಂದರಾಯಿತು.

ಅರಬಿ ಭಾಷೆಯಲ್ಲಿಯೂ ಇಂಥದೇ ಒಂದು ಪದವಿದೆ. ‘ಝಅಮೂ’, ಅಂದರೆ ‘ಹಾಗೆಂದು ಅವರು ಹೇಳುತ್ತಾರೆ’. ಮನುಷ್ಯನು ಏರುವ ವಾಹನಗಳಲ್ಲಿ ಈ ಪದವು ಬಹಳ ಕೆಟ್ಟ ವಾಹನವೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾಗಿ ಅಬೂದಾವೂದ್‌ರ ಹದೀಸ್ ಸಂಗ್ರಹದಲ್ಲಿ ವರದಿಯಾಗಿದೆ. ಎಂಥ ಹೋಲಿಕೆ ನೋಡಿ! ದೂರದ ಊರು ಸೇರಬೇಕಾದವನು ಒಂಟೆಯನ್ನೋ ಕುದುರೆಯನ್ನೋ ಏರುತ್ತಾನೆ. ಕಾಲಿಲ್ಲದ ಮಾತನ್ನು ದೂರ ಕಳಿಸಬೇಕಾದವನು ‘ಅಂತೆ’ಯನ್ನು ಏರುತ್ತಾನೆ. ಆ ವಾಹನಕ್ಕೆ ಮೇವು ಬೇಡ, ನೀರು ಬೇಡ, ದಣಿವೂ ಇಲ್ಲ.

ಪ್ರಿಯ ಓದುಗರೇ, ನಾನು ಇದನ್ನು ಚಳ್ಳಕೆರೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಶೇಂಗಾ ಎಣ್ಣೆಯ ಗಿರಣಿಗಳಿಂದ ಹೆಸರು ಪಡೆದ ಊರಿದು. ಈಗ ಇದಕ್ಕೆ ‘ವಿಜ್ಞಾನ ನಗರಿ’ ಎಂಬ ಇನ್ನೊಂದು ಹೆಸರೂ ಸೇರಿದೆ. 2010ರ ಆಸುಪಾಸಿನಲ್ಲಿ ತಾಲೂಕಿನ ಅಮೃತಮಹಲ್ ಕಾವಲುಗಳ ಸುಮಾರು 10,000 ಎಕರೆ ಹುಲ್ಲುಗಾವಲು ದೊಡ್ಡ ದೊಡ್ಡ ಸಂಸ್ಥೆಗಳಿಗೆ ಮಂಜೂರಾಯಿತು. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನೆಯವರಿಗೆ 4,000 ಎಕರೆಗೂ ಹೆಚ್ಚು, ಉಳ್ಳಾರ್ತಿಯ ಕಡೆ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,800 ಎಕರೆಯಷ್ಟು, ಇಸ್ರೋಗೆ 500 ಎಕರೆಗೂ ಮೇಲೆ. ಕುರಿ ಮೇಯಿಸುವವರಿಗೆ ಎಷ್ಟೋ ಕಡೆ ಇದು ತಿಳಿದದ್ದು ಗೋಡೆ ಎದ್ದ ಮೇಲೆ. ಗೋಡೆಯ ಆಚೆ ಏನು ನಡೆಯುತ್ತದೆಂದು ಯಾರೂ ಬಂದು ಹೇಳಲಿಲ್ಲ. ಹೇಳುವವರಿಲ್ಲದ ಕಡೆ ‘ಅಂತೆ’ ಹುಟ್ಟುತ್ತದೆ. ಈ ತಪ್ಪು ಕೇವಲ ಜನರದೆಂದು ನಾನು ಹೇಳಲಾರೆ.

ಆದರೆ ಅಲ್ಲಿಂದ ಮುಂದೆ ನಡೆದದ್ದು ನಮ್ಮ ನಾಲಿಗೆಯ ಕೆಲಸ.

ನನ್ನ ನಾಲಿಗೆಯ ಕಥೆಯನ್ನೇ ಮೊದಲು ಹೇಳಿಬಿಡುತ್ತೇನೆ. 2012ರಲ್ಲಿ ಮೊಳಕಾಲ್ಮೂರಿನಲ್ಲಿ ಬಂಧುಗಳ ಮನೆಯ ಒಂದು ಮದುವೆಗೆ ಹೋಗಿದ್ದೆ. ನಿಕಾಹ್ ಮುಗಿದು ಗಂಡಸರು ಊಟದ ಸರದಿಗಾಗಿ ಶಾಮಿಯಾನದ ಕೆಳಗೆ ಕುಳಿತಿದ್ದೆವು. ಚಳ್ಳಕೆರೆಯಿಂದ ಬಂದವನೆಂದು ಎಲ್ಲರೂ ನನ್ನನ್ನು ಸುತ್ತುವರಿದು ಅಣುಸ್ಥಾವರದ ವಿಷಯ ಕೇಳತೊಡಗಿದರು. ಬಸ್ಸಿನಲ್ಲಿ ಬರುವಾಗ ಪಕ್ಕದ ಸೀಟಿನವರಿಂದ ಕೇಳಿದ್ದನ್ನು ನಾನು ಬಹಳ ತಿಳಿದವನಂತೆ ಒದರಿದೆ. ಗೋಡೆಯಿಂದ ಹತ್ತು ಮೈಲಿಯೊಳಗಿನ ಊರುಗಳನ್ನೆಲ್ಲ ತೆರವು ಮಾಡಿಸುತ್ತಾರಂತೆ, ಹೊಲಗಳಿಗೆ ಬಿಡಿಗಾಸೂ ಸಿಗುವುದಿಲ್ಲವಂತೆ. ಕೇಳುವವರ ಕಣ್ಣು ಅಗಲವಾದಷ್ಟೂ ನನ್ನ ಮಾತು ಬೆಳೆಯಿತು. ಅಂದು ಒಳಗಿನ ಕೋಣೆಯ ಕಿಟಕಿಯ ಬಳಿ ನಮ್ಮ ಖಾಲಾ ಒಬ್ಬರು ಕುಳಿತಿದ್ದರು. ವಿಧವೆ. ಉಳ್ಳಾರ್ತಿಯ ದಾರಿಯಲ್ಲಿ ಅವರಿಗೆ ಎರಡು ಎಕರೆ ಶೇಂಗಾ ಹೊಲವಿತ್ತು. ಮೂರು ತಿಂಗಳೊಳಗೆ ಅವರು ಅದನ್ನು ಕೇಳಿದವರಿಗೆ ಕೇಳಿದ ಬೆಲೆಗೆ ಮಾರಿದರು. ತೆರವಿನ ಆದೇಶ ಬರಲಿಲ್ಲ. ಆ ಹೊಲದಲ್ಲಿ ಇಂದಿಗೂ ಬೇರೆಯವರು ಶೇಂಗಾ ಬಿತ್ತುತ್ತಿದ್ದಾರೆ.

ನಾನು ಸುಳ್ಳು ಹೇಳಬೇಕೆಂದು ಹೇಳಲಿಲ್ಲ. ಯಾರ ಮೇಲೂ ಹಗೆಯಿರಲಿಲ್ಲ. ಊಟದ ಸರದಿ ಬರುವತನಕ ಹೊತ್ತು ಹೋಗಬೇಕಿತ್ತು, ಅಷ್ಟೆ. ಸೂರಃ ಅನ್ನೂರ್‌ನ 15ನೆಯ ವಚನವನ್ನು ಓದುವಾಗಲೆಲ್ಲ ಆ ಶಾಮಿಯಾನ ನನ್ನ ಕಣ್ಣ ಮುಂದೆ ಬರುತ್ತದೆ. ಜನರು ತಮಗೆ ಅರಿವಿಲ್ಲದ ಸಂಗತಿಯನ್ನು ನಾಲಿಗೆಯಿಂದ ನಾಲಿಗೆಗೆ ದಾಟಿಸುತ್ತ ಅದನ್ನು ಹಗುರವೆಂದು ಎಣಿಸಿದ್ದರು, ಅಲ್ಲಾಹನ ಬಳಿ ಅದು ಭಾರವಾಗಿತ್ತು ಎಂಬುದು ಅದರ ತಾತ್ಪರ್ಯ. ಅದು ಮಾತೆ ಆಯಿಶಾ(ರ)ರ ಮೇಲಿನ ಅಪವಾದದ ಸಂದರ್ಭದಲ್ಲಿ ಅವತೀರ್ಣವಾದ ವಚನ. ಒಬ್ಬರ ಮಾನದ ವಿಷಯದಲ್ಲಿ ಇಷ್ಟು ಎಚ್ಚರವಿರಬೇಕೆಂದ ಮೇಲೆ ಒಬ್ಬರ ಅನ್ನದ ವಿಷಯದಲ್ಲಿ ಇರಬೇಡವೇ?

ನಮ್ಮವರು ಮಾಲಿನ ವಿಷಯದಲ್ಲಿ ಎಷ್ಟು ಜಾಗರೂಕರು! ಮೊಳಕಾಲ್ಮೂರಿನ ಮಗ್ಗದ ಮನೆಗೆ ಹೋಗಿ ನೋಡಿ. ನೂಲಿನ ಮೇಲೆ ಸಂಶಯ ಬಂದರೆ ನೇಕಾರನು ಒಂದು ಎಳೆಯನ್ನು ಕಿತ್ತು ಬೆಂಕಿಗೆ ಹಿಡಿಯುತ್ತಾನೆ. ಅಪ್ಪಟ ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಗಂಟಾಗುತ್ತದೆ. ಚಳ್ಳಕೆರೆಯ ವ್ಯಾಪಾರಿ ಚೀಲದೊಳಗೆ ಕೈಹಾಕಿ ತಳದ ಕಾಯನ್ನು ತೆಗೆದು ಸುಲಿದು ನೋಡದೆ ಶೇಂಗಾಕ್ಕೆ ಬೆಲೆ ಕಟ್ಟುವುದಿಲ್ಲ. ಅದೇ ನೇಕಾರ, ಅದೇ ವ್ಯಾಪಾರಿ ಸಂಜೆ ಮಂಡಕ್ಕಿ ಅಂಗಡಿಯ ಮುಂದೆ ನಿಂತಾಗ ಬಂದ ಸುದ್ದಿಯನ್ನು ಒಂದು ಎಳೆಯನ್ನೂ ಸುಡದೆ, ಒಂದು ಕಾಯನ್ನೂ ಸುಲಿಯದೆ ಮನೆಗೆ ಹೊತ್ತೊಯ್ಯುತ್ತಾನೆ. ನಂಬಿಗಸ್ತನಲ್ಲದವನು ಸುದ್ದಿ ತಂದರೆ ಚೆನ್ನಾಗಿ ವಿಚಾರಿಸಿರಿ, ಇಲ್ಲವಾದರೆ ಅರಿಯದೆ ಯಾರಿಗೋ ಹಾನಿ ಮಾಡಿ ಆಮೇಲೆ ಪರಿತಪಿಸಬೇಕಾದೀತು ಎಂಬ ಆದೇಶ ಸೂರಃ ಅಲ್ ಹುಜುರಾತ್‌ನಲ್ಲಿದೆ. ಆ ಪರಿತಾಪದ ರುಚಿ ನನಗೆ ಗೊತ್ತು.

ಸುದ್ದಿಯನ್ನು ಸುಟ್ಟು ನೋಡುವುದೆಂದರೆ ಹೇಗೆ? ಉಳ್ಳಾರ್ತಿಯದನ್ನೇ ತೆಗೆದುಕೊಳ್ಳೋಣ. ಅಂದು ಶಾಮಿಯಾನದಲ್ಲಿ ನಾವೆಲ್ಲರೂ ‘ಅಣುಸ್ಥಾವರ’ ಎಂದೇ ಮಾತನಾಡಿದೆವು. ಅಣುಸ್ಥಾವರ ಇರುವುದು ಕೈಗಾದಲ್ಲಿ. ಅಲ್ಲಿ ಯುರೇನಿಯಂ ಪರಮಾಣು ಒಡೆದು ಬರುವ ಶಾಖದಿಂದ ವಿದ್ಯುತ್ ತಯಾರಾಗುತ್ತದೆ. ಉಳ್ಳಾರ್ತಿಯ ಜಾಗದ ಉದ್ದೇಶವೆಂದು ಅಣುಶಕ್ತಿ ಇಲಾಖೆಯವರು ಹೇಳಿದ್ದು ಯುರೇನಿಯಂ ಪುಷ್ಟೀಕರಣ. ಅಂಥದೊಂದು ಘಟಕ ಮೈಸೂರಿನ ಬಳಿ ರಟ್ಟೇಹಳ್ಳಿಯಲ್ಲಿ ಮೊದಲಿನಿಂದಲೇ ಇದೆ. ನೆಲದಿಂದ ತೆಗೆದ ಯುರೇನಿಯಂನಲ್ಲಿ ಸುಲಭವಾಗಿ ಒಡೆಯುವ ಬಗೆಯದು ನೂರಕ್ಕೆ ಒಂದು ಪಾಲೂ ಇರುವುದಿಲ್ಲ, ಸುಮಾರು 0.7 ಮಾತ್ರ. ಯುರೇನಿಯಂ ಅನ್ನು ಅನಿಲವಾಗಿ ಮಾಡಿ ಅತಿ ವೇಗದಲ್ಲಿ ತಿರುಗುವ ಕೊಳವೆಗಳಲ್ಲಿ ಹಾಯಿಸಿ ಆ ಪಾಲನ್ನು ಹೆಚ್ಚಿಸುತ್ತಾರೆ. ಅಲ್ಲಿಯೂ ಅಪಾಯವಿದೆ, ಆದರೆ ಅದರ ಬಗೆ ಬೇರೆ. ಆ ಅನಿಲವು ಸೋರಿ ಗಾಳಿಯ ತೇವ ತಗುಲಿದರೆ ಉಸಿರಾಟಕ್ಕೆ ಮಾರಕವಾದ ಆಮ್ಲ ಹುಟ್ಟುತ್ತದೆ. ಇಷ್ಟನ್ನು ತಿಳಿದವನು ಕೇಳುವ ಪ್ರಶ್ನೆ ಬೇರೆಯಾಗಿರುತ್ತದೆ. ಸೋರಿಕೆಯಾದರೆ ಊರಿಗೆ ತಿಳಿಸುವವರು ಯಾರು? ಆಸ್ಪತ್ರೆಯಲ್ಲಿ ಸಿದ್ಧತೆ ಏನಿದೆ? ಅಲ್ಲಿನ ಸುರಕ್ಷತೆಯನ್ನು ಹೊರಗಿನವರು ಯಾರಾದರೂ ಪರೀಕ್ಷಿಸುತ್ತಾರೆಯೇ? ಅಣು ಸುರಕ್ಷತೆಯನ್ನು ನೋಡಿಕೊಳ್ಳಲು 1983ರಲ್ಲಿ ಸ್ಥಾಪನೆಯಾದ ನಿಯಂತ್ರಣ ಮಂಡಳಿಗೆ ಸ್ವತಂತ್ರವಾದ ಕಾನೂನಿನ ಬಲವಿಲ್ಲವೆಂದು ದೇಶದ ಮಹಾಲೇಖಪಾಲರೇ 2012ರ ವರದಿಯಲ್ಲಿ ಆಕ್ಷೇಪಿಸಿದ್ದರು. ನಾನು ಹತ್ತು ಮೈಲಿಯ ಕಥೆ ಕಟ್ಟುತ್ತಿದ್ದ ವರ್ಷವೇ ಅದು. ಆ ವರದಿಯ ಬಗ್ಗೆ ಶಾಮಿಯಾನದಲ್ಲಿ ಒಬ್ಬರೂ ಮಾತನಾಡಲಿಲ್ಲ.

ಇನ್ನು ಆಕಾಶದ ಸುದ್ದಿ. ವರವು ಕಾವಲಿನ ವಿಮಾನ ಪರೀಕ್ಷಾ ವಲಯ 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. 2019ರ ಸೆಪ್ಟೆಂಬರ್ 17ರಂದು ಅಲ್ಲಿಂದ ಹಾರಿದ ಪೈಲಟ್ ಇಲ್ಲದ ವಿಮಾನವೊಂದು ಜೋಡಿಚಿಕ್ಕೇನಹಳ್ಳಿಯ ಜಮೀನಿನಲ್ಲಿ ಬಿತ್ತು. 2023ರ ಆಗಸ್ಟ್ 20ರಂದು ಇನ್ನೊಂದು ಹಿರಿಯೂರು ತಾಲೂಕಿನ ವದ್ದಿಕೆರೆಯ ಬಳಿ ಬಿತ್ತು. ಎರಡೂ ಸಲ ಸುತ್ತಲಿನ ಜನ ಮುಗಿಬಿದ್ದು ನೋಡಿದರು. ನಮ್ಮ ಹೋಟೆಲುಗಳಲ್ಲಿ ಮಧ್ಯಾಹ್ನದೊಳಗೆ ಅದು ಶತ್ರು ದೇಶದ ವಿಮಾನವಾಗಿತ್ತು, ಸಂಜೆಯೊಳಗೆ ಅದರಲ್ಲಿ ಬಾಂಬೂ ಸೇರಿತ್ತು. ಇದೇ ವಲಯದಲ್ಲಿ 2023ರ ಏಪ್ರಿಲ್ 2ರ ಬೆಳಿಗ್ಗೆ ಇಸ್ರೋದವರು ರೆಕ್ಕೆಯುಳ್ಳ ಮರುಬಳಕೆಯ ನೌಕೆಯನ್ನು ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟರು. ಅದು ತಾನಾಗಿ ದಾರಿ ಹಿಡಿದು ರನ್‌ವೇಯ ಮೇಲೆ ಇಳಿಯಿತು. 2024ರ ಮಾರ್ಚ್ ಮತ್ತು ಜೂನ್‌ನಲ್ಲಿ ಮತ್ತೆರಡು ಸಲ, ಮೊದಲಿಗಿಂತ ಕಠಿಣವಾದ ಸ್ಥಿತಿಯಲ್ಲಿ ಇಳಿಯಿತು. ಬಿದ್ದದ್ದನ್ನು ಕಂಡು ಇವರಿಗೆ ಏನೂ ಬರುವುದಿಲ್ಲವೆಂದು ನಕ್ಕವರೇ ಇಳಿದದ್ದನ್ನು ಕಂಡು ಲೋಕವನ್ನೇ ಗೆದ್ದೆವೆಂದರು. ಪರೀಕ್ಷಾ ವಲಯವೆಂದರೆ ಪರೀಕ್ಷೆಗಾಗಿ ಇರುವ ಸ್ಥಳ. ಅಲ್ಲಿ ಬೀಳುವುದೂ ಒಂದು ಪಾಠ. ಹೀಗೆ ಯೋಚಿಸಲು ವಿಜ್ಞಾನಿಯಾಗಬೇಕಿಲ್ಲ.

ಆಕಾಶದಿಂದ ಸುದ್ದಿ ತಂದ ಒಂದು ಹಕ್ಕಿಯ ವೃತ್ತಾಂತ ಸೂರಃ ಅನ್ನಮ್ಲ್‌ನಲ್ಲಿದೆ. ಪ್ರವಾದಿ ಸುಲೈಮಾನ್(ಅ)ರ ಸೈನ್ಯದಿಂದ ಕಾಣೆಯಾಗಿದ್ದ ಹುದ್‌ಹುದ್ ಪಕ್ಷಿ ಮರಳಿ ಬಂದು, ತಮಗೆ ತಿಳಿಯದ ಖಚಿತ ಸುದ್ದಿಯನ್ನು ಸಬಾ ನಾಡಿನಿಂದ ತಂದಿರುವೆನೆಂದು ಹೇಳಿಕೊಂಡಿತು. ಸುಲೈಮಾನ್(ಅ) ಅದನ್ನು ತಿರಸ್ಕರಿಸಲಿಲ್ಲ, ಒಪ್ಪಿಕೊಳ್ಳಲೂ ಇಲ್ಲ. ನೀನು ನಿಜ ಹೇಳಿದ್ದೀಯೋ ಸುಳ್ಳು ಹೇಳಿದ್ದೀಯೋ ನೋಡೋಣವೆಂದು ಪತ್ರ ಕೊಟ್ಟು ಅದನ್ನೇ ಮತ್ತೆ ಕಳಿಸಿದರು. ಗಮನಿಸಿ, ಆ ಹಕ್ಕಿ ಕಣ್ಣಾರೆ ಕಂಡದ್ದನ್ನೇ ಹೇಳಿತ್ತು. ಅದರ ಬಾಯಲ್ಲಿ ‘ಅಂತೆ’ ಇರಲಿಲ್ಲ. ಆದರೂ ಪರಿಶೀಲನೆ ತಪ್ಪಲಿಲ್ಲ.

ನಮಗೆ ಅಹಿತವಾದ ಸುದ್ದಿಯನ್ನು ಪರೀಕ್ಷಿಸುವುದು ಸುಲಭ. ಹಿತವಾದದ್ದನ್ನು ಪರೀಕ್ಷಿಸುವುದು ಕಷ್ಟ. ಹಿಜರಿ 10ರಲ್ಲಿ ಮದೀನದಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳಿ. ಪ್ರವಾದಿವರ್ಯರ(ಸ) ಎಳೆಯ ಮಗ ಇಬ್ರಾಹೀಮ್ ತೀರಿಕೊಂಡರು. ಮುಪ್ಪಿನಲ್ಲಿ ಹುಟ್ಟಿದ, ಇನ್ನೂ ಹಾಲು ಕುಡಿಯುತ್ತಿದ್ದ ಕಂದ. ತಂದೆಯ ಕಣ್ಣುಗಳು ಹರಿದವು. ಅದೇ ದಿನ ಸೂರ್ಯಗ್ರಹಣವಾಯಿತು. ಹಗಲು ಕತ್ತಲಾದದ್ದನ್ನು ಕಂಡ ಜನ, ಇಬ್ರಾಹೀಮರ ಮರಣದಿಂದಾಗಿಯೇ ಸೂರ್ಯನಿಗೆ ಗ್ರಹಣ ಹಿಡಿಯಿತೆಂದು ಮಾತನಾಡಿಕೊಂಡರು. ಅದನ್ನು ಆಡಿದವರು ವೈರಿಗಳಲ್ಲ, ಪ್ರೀತಿಯಿಂದ ಆಡಿದ ಮಾತದು. ಪ್ರವಾದಿತ್ವಕ್ಕೆ ಆಕಾಶವೇ ಸಾಕ್ಷಿ ನುಡಿಯಿತೆಂದು ಸಾರಲು ಇದಕ್ಕಿಂತ ಒಳ್ಳೆಯ ಅವಕಾಶವಿತ್ತೇ? ಸುಮ್ಮನಿದ್ದರೂ ಸಾಕಿತ್ತು, ಮಾತು ತಾನಾಗಿ ಅರೇಬಿಯವನ್ನೆಲ್ಲ ಸುತ್ತುತ್ತಿತ್ತು. ಆದರೆ ಅವರು ಸುಮ್ಮನಿರಲಿಲ್ಲ. ಎದೆಯೊಳಗೆ ಮಗನ ಅಗಲಿಕೆಯ ದುಃಖವಿರುವಾಗಲೇ ಜನರನ್ನು ಸೇರಿಸಿ ದೀರ್ಘ ನಮಾಝ್ ನಿರ್ವಹಿಸಿದರು. ಬಳಿಕ, ಸೂರ್ಯಚಂದ್ರರು ಅಲ್ಲಾಹನ ನಿದರ್ಶನಗಳು, ಯಾರದೇ ಸಾವಿಗಾಗಲಿ ಹುಟ್ಟಿಗಾಗಲಿ ಅವಕ್ಕೆ ಗ್ರಹಣ ಹಿಡಿಯುವುದಿಲ್ಲವೆಂದು ಸ್ಪಷ್ಟಪಡಿಸಿದರು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲಿಯೂ ಇದು ವರದಿಯಾಗಿದೆ. ಸುಳ್ಳಿನಿಂದ ಸಿಗುವ ಗೌರವವನ್ನು ಅವರು ಒಂದು ಗಳಿಗೆಯೂ ಇಟ್ಟುಕೊಳ್ಳಲಿಲ್ಲ. ನಾವಾದರೋ, ಯಾವುದೋ ದೇಶದ ವಿಜ್ಞಾನಿ ಬಾಂಗ್ ಕೇಳಿ ಇಸ್ಲಾಮ್ ಸ್ವೀಕರಿಸಿದನಂತೆ ಎಂಬ ಸುದ್ದಿ ಫೋನಿಗೆ ಬಂದರೆ ಹೆಸರು, ಊರು, ವರ್ಷ ಏನನ್ನೂ ಕೇಳದೆ ನೂರು ಜನರಿಗೆ ಕಳಿಸಿ ಪುಣ್ಯ ಬಂತೆಂದುಕೊಳ್ಳುತ್ತೇವೆ. ಕೇಳಿದ್ದನ್ನೆಲ್ಲ ಹೇಳುತ್ತ ಹೋಗುವುದೊಂದೇ ಒಬ್ಬನು ಸುಳ್ಳುಗಾರನೆನಿಸಲು ಸಾಕು ಎಂಬ ಹದೀಸನ್ನು ಇಮಾಮ್ ಮುಸ್ಲಿಮರು ತಮ್ಮ ಗ್ರಂಥದ ಪೀಠಿಕೆಯಲ್ಲಿಯೇ ಇಟ್ಟಿದ್ದಾರೆ. ಒಂದೊಂದು ಮಾತಿಗೂ ‘ಯಾರಿಂದ ಕೇಳಿದಿರಿ, ಅವರು ಯಾರಿಂದ ಕೇಳಿದರು’ ಎಂದು ಸರಪಳಿ ಹಿಡಿದು ಊರೂರು ಅಲೆದ ವಿದ್ವಾಂಸರ ಸಮುದಾಯ ನಮ್ಮದು!

ಭಯದ ಸುದ್ದಿಯಿಂದ ನಮ್ಮ ಮಕ್ಕಳಿಗೇ ಹಾನಿಯಾದದ್ದುಂಟು. ಪೋಲಿಯೋ ಹನಿ ಹಾಕಿಸಿದರೆ ಮುಂದೆ ಸಂತಾನವಾಗುವುದಿಲ್ಲವಂತೆ ಎಂಬ ಮಾತು ಉತ್ತರ ಪ್ರದೇಶ, ಬಿಹಾರಗಳ ಮುಸ್ಲಿಮ್ ಮೊಹಲ್ಲಾಗಳಲ್ಲಿ ಹಬ್ಬಿ ಎಷ್ಟೋ ಮನೆಗಳ ಬಾಗಿಲು ಮುಚ್ಚಿತು. ಕೊನೆಗೆ ಉಲಮಾಗಳೂ ಮಸೀದಿಗಳೂ ಮುಂದೆ ಬಂದು ತಿಳಿಹೇಳಬೇಕಾಯಿತು. ದೇಶದಲ್ಲಿ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪೋಲಿಯೋ ಮುಕ್ತವೆಂಬ ಪ್ರಮಾಣಪತ್ರ ಬಂದದ್ದು 2014ರ ಮಾರ್ಚ್‌ನಲ್ಲಿ. ಹನಿ ಹಾಕಿಸಿಕೊಂಡ ಮಕ್ಕಳು ಇಂದು ತಾವೇ ತಂದೆತಾಯಿಗಳಾಗಿದ್ದಾರೆ. ಹಾಕಿಸಿಕೊಳ್ಳದೆ ಕಾಲು ಸೊರಗಿದವರಿಗೆ ‘ಅಂತೆ’ ಎಂದವರು ಯಾರೂ ಊರುಗೋಲು ಕೊಡಿಸಲಿಲ್ಲ.

ಹಾಗಾದರೆ ಬಾಯಿ ಮುಚ್ಚಿಕೊಂಡಿರಬೇಕೇ? ಸರಕಾರ ಮಾಡಿದ್ದೇ ಸರಿ, ವಿಜ್ಞಾನಿ ಹೇಳಿದ್ದೇ ವೇದವಾಕ್ಯ ಎನ್ನಬೇಕೇ? ಅಲ್ಲ ಸಹೋದರರೇ. ಸೂರಃ ಅನ್ನಿಸಾದ 83ನೆಯ ವಚನದಲ್ಲಿ ಶಾಂತಿಯದಾಗಲಿ ಭೀತಿಯದಾಗಲಿ ಸುದ್ದಿ ಬಂದೊಡನೆ ಹರಡಿಬಿಡುವವರನ್ನು ಆಕ್ಷೇಪಿಸಿದ ಬೆನ್ನಿಗೇ, ಅದನ್ನು ಸಂದೇಶವಾಹಕರಿಗೂ ಹೊಣೆಯುಳ್ಳವರಿಗೂ ಒಪ್ಪಿಸಿದ್ದರೆ ಅವರಲ್ಲಿ ಶೋಧಿಸಬಲ್ಲವರು ಅದರ ನಿಜವನ್ನು ಅರಿಯುತ್ತಿದ್ದರೆಂದು ಹೇಳಲಾಗಿದೆ. ಅಂದರೆ ಸುದ್ದಿಯನ್ನು ಹೂತುಹಾಕಲು ಹೇಳಿಲ್ಲ, ಸಲ್ಲಬೇಕಾದ ಕಡೆ ಸಲ್ಲಿಸಲು ಹೇಳಿದೆ. ಅಲ್ ಬಕರಃದಲ್ಲಿ ಸಾಕ್ಷ್ಯವನ್ನು ಬಚ್ಚಿಡುವವನ ಹೃದಯವನ್ನೇ ಪಾಪಿಯೆಂದು ಕರೆಯಲಾಗಿದೆ. ಅರಿಯದ್ದನ್ನು ಆಡುವುದು ಒಂದು ಪಾಪವಾದರೆ ಅರಿತದ್ದನ್ನು ಅಡಗಿಸುವುದು ಇನ್ನೊಂದು.

ಈ ಎರಡರ ನಡುವಿನ ಸರಿಯಾದ ದಾರಿಯನ್ನು ನಾನು ಪುಸ್ತಕದಲ್ಲಿ ಕಂಡದ್ದಕ್ಕಿಂತ ಹೆಚ್ಚಾಗಿ ಈ ಸೀಮೆಯ ಕುರಿಗಾಹಿಗಳಲ್ಲಿ ಕಂಡೆ. ಅವರಲ್ಲಿ ಹೆಚ್ಚಿನವರು ನಮ್ಮ ಧರ್ಮದವರಲ್ಲ. ಗೋಡೆ ಎದ್ದಾಗ ಅವರು ತಮಗೆ ಗೊತ್ತಿದ್ದುದನ್ನು ಹೇಳಿದರು. ಈ ಕಾವಲಿನಲ್ಲಿ ಯಾವ ಊರಿನ ಕುರಿ ಮೇಯುತ್ತವೆ, ಕಂಬಳಿಯ ಉಣ್ಣೆ ಎಲ್ಲಿಂದ ಬರುತ್ತದೆ, ಕೃಷ್ಣಮೃಗ ಎಲ್ಲಿ ತಿರುಗುತ್ತವೆ, ಮಳೆ ಬಂದರೆ ನೀರು ಎಲ್ಲಿ ನಿಲ್ಲುತ್ತದೆ. ಅಣು ವಿಜ್ಞಾನ ಅವರಿಗೆ ಗೊತ್ತಿರಲಿಲ್ಲ, ಹುಲ್ಲು ಗೊತ್ತಿತ್ತು. ಖರ್ಜೂರದ ಕಸಿಯ ವಿಷಯದಲ್ಲಿ ಮದೀನದ ತೋಟಗಾರರಿಗೆ, ಅವರ ಕಸುಬಿನ ಸಂಗತಿ ಅವರಿಗೇ ಚೆನ್ನಾಗಿ ಗೊತ್ತೆಂದು ಪ್ರವಾದಿವರ್ಯರು(ಸ) ಒಪ್ಪಿಕೊಟ್ಟದ್ದು ನೆನಪಾಗುತ್ತದೆ. ಹುಲ್ಲುಗಾವಲಿಗೆ ಅಮೃತಮಹಲ್ ಎಂಬ ಹೆಸರು ಬಂದದ್ದು ಟಿಪ್ಪು ಸುಲ್ತಾನರ ಕಾಲದಲ್ಲಿ. ರಾಸುಗಳ ಪಾಲನೆಗೆ ಅವರು ಹುಕುಂನಾಮೆಯನ್ನೇ ಹೊರಡಿಸಿದ್ದರು. ಟಿಪ್ಪು ನಮ್ಮವರೆಂದು ಎದೆ ತಟ್ಟಿಕೊಳ್ಳುವ ನಾವು ಆ ಕಾವಲುಗಳಿಗಾಗಿ ಒಂದು ಅರ್ಜಿಯನ್ನೂ ಬರೆಯಲಿಲ್ಲ. ಬರೆದವರು ಬೇರೆಯವರು. ಅವರು ದಾಖಲೆ ಕೇಳಿ ಪಡೆದರು, ಚೆನ್ನೈನ ಹಸಿರು ನ್ಯಾಯಮಂಡಳಿಯ ತನಕ ಹೋದರು. 2013ರಲ್ಲಿ ನ್ಯಾಯಮಂಡಳಿ ಸತ್ಯಶೋಧನೆಗಾಗಿ ಸಮಿತಿಯನ್ನು ಇಲ್ಲಿಗೆ ಕಳಿಸಿತು. 2014ರಲ್ಲಿ ಷರತ್ತುಗಳೊಂದಿಗೆ ಯೋಜನೆಗಳು ಮುಂದುವರಿಯಲು ಅನುಮತಿ ಸಿಕ್ಕಿತು. ಕುರಿಗಾಹಿಗಳು ಕೇಳಿದ್ದು ದೊರೆಯಲಿಲ್ಲ. ಆದರೆ ಅವರ ಮಾತು ದಾಖಲೆಯಲ್ಲಿ ಉಳಿಯಿತು. ನನ್ನ ಹತ್ತು ಮೈಲಿ ಮಾತು ಎಲ್ಲಿ ಉಳಿಯಿತು? ಒಬ್ಬ ವಿಧವೆಯ ಮಾರಾಟ ಪತ್ರದಲ್ಲಿ.

ಇನ್ನೂ ಒಂದು ಹಾನಿಯಿದೆ. ಕುರಿ ಎರಡು ತಲೆಯ ಮರಿ ಹಾಕಿತಂತೆ ಎಂದು ನಾವು ಹೊಸ ಕಥೆ ಹುಟ್ಟಿಸಿದರೆ, ಮೇಜಿನ ಆಚೆ ಕುಳಿತ ಅಧಿಕಾರಿ ಅದನ್ನು ಕೇಳಿ ನಗುತ್ತಾನೆ. ಆ ನಗೆಯಲ್ಲಿ ಹುಲ್ಲಿನ ನಿಜವಾದ ಪ್ರಶ್ನೆಯೂ ತೇಲಿಹೋಗುತ್ತದೆ.

ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕ ಚಕ್ರವರ್ತಿಯ ಶಾಸನವಿದೆ. ತಂದೆತಾಯಿಯರ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನೇ ನುಡಿಯಬೇಕೆಂದು ಎರಡು ಸಾವಿರ ವರ್ಷಗಳಿಗೂ ಹಿಂದೆ ಬಂಡೆಯಲ್ಲಿ ಕೊರೆಸಿದ್ದಾನೆ. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸುತ್ತೇವೆ. ಬರುವ ದಾರಿಯಲ್ಲಿ ಬಸ್ಸಿನಲ್ಲಿ ಮತ್ತೆ ‘ಅಂತೆ’ ಶುರುವಾಗುತ್ತದೆ.

ಅಲ್ಲಾಹನಿಗೆ ಮಾಡಿದ ಅಪರಾಧವನ್ನು ಅಲ್ಲಾಹನು ಕ್ಷಮಿಸಬಹುದು. ದಾಸರಿಗೆ ಮಾಡಿದ ಅನ್ಯಾಯವನ್ನು ಆ ದಾಸರಿಂದಲೇ ಮಾಫಿ ಮಾಡಿಸಿಕೊಳ್ಳಬೇಕು, ದೀನಾರ್ ದಿರ್ಹಮ್‌ಗಳು ಉಪಯೋಗಕ್ಕೆ ಬಾರದ ದಿನ ಬರುವ ಮೊದಲೇ ಮಾಡಿಸಿಕೊಳ್ಳಬೇಕೆಂದು ಹದೀಸ್‌ನಲ್ಲಿದೆ. ಹಲವು ವರ್ಷ ನಾನು ಇದನ್ನು ಮುಂದೂಡಿದೆ. ಕಳೆದ ರಮಝಾನ್‌ಗೆ ಮೊದಲು ಧೈರ್ಯ ಮಾಡಿ ಮೊಳಕಾಲ್ಮೂರಿಗೆ ಹೋದೆ. ಖಾಲಾ ಈಗ ಮಗಳ ಮನೆಯಲ್ಲಿದ್ದಾರೆ, ಕಣ್ಣು ಮಂಜಾಗಿದೆ. ಎಲ್ಲವನ್ನೂ ಹೇಳಿ, ನನ್ನಿಂದಾದಷ್ಟು ಹಣವನ್ನು ಮುಂದಿಟ್ಟೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಕೇಳಿದರು: “ಆ ಹತ್ತು ಮೈಲಿ ಅಳೆದವರು ಯಾರು ಬೇಟಾ?”

“ಯಾರೂ ಅಳೆದಿರಲಿಲ್ಲ ಖಾಲಾ. ಬಸ್ಸಿನಲ್ಲಿ ಯಾರೋ ಹೇಳಿದ್ದು.”

“ಹಣ ತಗೊಂಡು ಹೋಗು. ಅವತ್ತು ಮದುವೆಗೆ ಬಂದಿದ್ದವರ ಹತ್ತಿರ ಹೋಗಿ, ಅದು ಸುಳ್ಳಾಗಿತ್ತು ಅಂತ ಹೇಳಿ ಬಾ. ಆಮೇಲೆ ಮಾಫಿ ಕೇಳು.”

ಇದುವರೆಗೆ ಹನ್ನೊಂದು ಜನರನ್ನು ಹುಡುಕಿ ಹೇಳಿದ್ದೇನೆ. ಮೂವರು ತೀರಿಕೊಂಡಿದ್ದಾರೆ. ಕೆಲವರಿಗೆ ಅದು ನೆನಪೇ ಇರಲಿಲ್ಲ. ಒಬ್ಬರು ಮಾತ್ರ ಆ ಮಾತನ್ನು ರಾಯದುರ್ಗದಲ್ಲಿರುವ ತಮ್ಮ ಬೀಗರಿಗೆ ಅದೇ ವಾರ ಹೇಳಿದ್ದಾಗಿ ಒಪ್ಪಿಕೊಂಡರು. ಅವರ ಬೀಗರ ವಿಳಾಸವನ್ನು ಬರೆದುಕೊಂಡು ಬಂದಿದ್ದೇನೆ.